ಒಂಟಿಕಣ್ಣಿಯ ಒಗಟು

ಪರದೇಶದಲ್ಲಿ ನೆಲೆಸಿ ಬಟ್ಟೆ ಹೊಲಿಯುತ್ತಿದ್ದ ಒಬ್ಬಾಕೆ, ಮನೆಯವರೆಲ್ಲ ಚಿನಕುರುಳಿ ಎಂದು ಕರೆಯುತ್ತಿದ್ದ ಮಗಳನ್ನು ಅಲ್ಲಿನ ಅಂತಾರಾಷ್ಟ್ರೀಯ ಶಾಲೆಯ ಒಂದನೇ ತರಗತಿಗೆ ಸೇರಿಸಲು ಕರೆದೊಯ್ದಳೆಂದು ಆಕೆಯ ನಾದಿನಿ ಹೇಳುತ್ತಾರೆ. ಪ್ರಶ್ನೆ ಕೇಳಿದವರು ಪ್ರತಿಯಾಗಿ ಒಂದು ಒಗಟು ಬಿಡಿಸಬೇಕೆಂಬುದು ಆ ಮನೆಯ ರೂಢಿ.

ಮುಖ್ಯೋಪಾಧ್ಯಾಯಿನಿ ತೋರಿಸಿದ ಬಣ್ಣ, ಆಕಾರಗಳನ್ನೆಲ್ಲ ಹುಡುಗಿ ಪಟಪಟನೆ ಹೇಳಿದಳು. ಬಳಿಕ ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, “ಈಗ ನನ್ನ ಸರದಿ, ಮಿಸ್. ಅವಳಿಗೆ ಒಂದೇ ಕಣ್ಣು. ನಡೆದಷ್ಟೂ ಬಾಲ ಗಿಡ್ಡ ಆಗುತ್ತೆ. ಯಾರು ಹೇಳಿ?” ಎಂದಳು.

ಮುಖ್ಯೋಪಾಧ್ಯಾಯಿನಿಯ ಮುಖ ಬಿಗಿಯಾಯಿತು. “ಇಲ್ಲಿ ಪ್ರಶ್ನೆ ಕೇಳೋದು ನಾವು. ಈ ಅಭ್ಯಾಸ ಬಿಡಿಸ್ತೀನಿ ಅಂತ ಮಾತು ಕೊಡಿ, ಸೀಟು ಕೊಡ್ತೀನಿ,” ಎಂದು ತಾಯಿಗೆ ಹೇಳಿದರು.

“ಬಿಡಿಸಲ್ಲ ಮೇಡಂ. ಕೇಳೋಕೆ ಬಾಯಿ ಇದೆ ಅಂತಲೇ ಸ್ಕೂಲಿಗೆ ಕರ್ಕೊಂಡು ಬಂದಿದ್ದು. ಬಾಯಿ ಹೊಲಿಯೋದೇ ಆದ್ರೆ ನನ್ನ ಅಂಗಡೀಲೇ ಹೊಲೀತಿದ್ದೆ,” ಎಂದು ತಾಯಿ ಮಗಳ ಕೈ ಹಿಡಿದು ಎದ್ದಳು.

ಬಾಗಿಲು ದಾಟುವಷ್ಟರಲ್ಲಿ ಮುಖ್ಯೋಪಾಧ್ಯಾಯಿನಿಯ ದನಿ ಕೇಳಿಸಿತು: “ಅದಿರ್ಲಿ, ಉತ್ತರ ಏನು?”

ತಾಯಿ ತನ್ನ ಕಾಲರಿಗೆ ಸಿಕ್ಕಿಸಿಕೊಂಡಿದ್ದ ದಾರ ಪೋಣಿಸಿದ ಸೂಜಿಯನ್ನು ಅಂಗೈಯಿಂದ ಮುಚ್ಚಿದಳು.

“ಸೀಟು ಕೊಡಿ. ಕ್ಲಾಸಲ್ಲಿ ಅವಳೇ ಹೇಳ್ತಾಳೆ.”