ಬೇರೆ ಇರಲು ಅಪ್ಪಣೆ

"ಇದು ಆಗಲ್ಲ ಸಾರ್," ಎಂದು ಆಸ್ಪತ್ರೆಯ ಗುಮಾಸ್ತ ಶವ ಬಿಟ್ಟುಕೊಡುವ ಫಾರಂ ಅನ್ನು ಕಿಂಡಿಯಿಂದ ಹೊರಕ್ಕೆ ತಳ್ಳಿದ. "ಸಂಬಂಧ ಅನ್ನೋ ಕಡೆ 'ಜೊತೆಗಿದ್ದವನು' ಅಂತ ಬರೆದಿದ್ದೀರಿ. ಅಂಥದ್ದೊಂದು ಸಂಬಂಧ ನಮ್ಮಲ್ಲಿಲ್ಲ."

ಕಿಂಡಿಯೆದುರು ನಿಂತಿದ್ದ ಬಸ್ ಡ್ರೈವರ್ ಕನ್ನಡಕ ತೆಗೆದು ಒರೆಸಿಕೊಂಡ. ಹದಿನಾಲ್ಕು ವರ್ಷ ಅವಳ ಜೊತೆಗಿದ್ದವನು. ಕೊನೆಯ ಎರಡು ತಿಂಗಳು ಇದೇ ಆಸ್ಪತ್ರೆಯ ಬೆಂಚನ್ನೇ ಮನೆ ಮಾಡಿಕೊಂಡವನು. ಬೇರೇನು ಬರೆಯಬೇಕೋ ಅವನಿಗೆ ತೋಚಲಿಲ್ಲ.

"ನಾನು ಸತ್ತವಳ ಸ್ವಂತ ತಂಗಿ. ನಾನು ಸೈನ್ ಮಾಡ್ತೀನಿ, ಕೊಡಿ," ಎಂದು ಪಕ್ಕದಲ್ಲಿದ್ದ ಹೆಂಗಸು ಕೈ ಚಾಚಿದಳು.

"ಗಂಡ ಇದ್ದಾರಲ್ಲಮ್ಮ, ದಾಖಲೆಯಲ್ಲಿ ಹೆಸರಿದೆ. ಗಂಡ ಇರುವಾಗ ತಂಗಿ ಸೈನ್ ನಡೆಯಲ್ಲ."

"ಇಪ್ಪತ್ತಾರು ವರ್ಷದ ಹಿಂದೇನೇ ಕೋರ್ಟು ಬೇರೆ ಮಾಡಿದೆ ಅವರನ್ನ!"

"ಡೈವೋರ್ಸಾ?"

ತಂಗಿ ತುಟಿ ಕಚ್ಚಿದಳು. "ಅಲ್ಲ. ಬೇರೆ ಇರೋದಕ್ಕೆ ಆರ್ಡರು."

"ಹಾಗಾದ್ರೆ ಗಂಡ ಗಂಡನೇ," ಎಂದ ಗುಮಾಸ್ತ. ಕೆಟ್ಟ ಮನುಷ್ಯನೇನಲ್ಲ, ಅವರ ಹಿಂದೆ ಸಾಲು ಬೆಳೆದಿತ್ತು.

ಹನ್ನೊಂದು ಗಂಟೆಗೆ ಆ ಗಂಡ, ನಿವೃತ್ತ ಹೆಡ್‌ಮಾಸ್ಟರ್ ಬಂದರು. ಇಸ್ತ್ರಿ ಮುರಿಯದ ಬಿಳಿ ಅಂಗಿ, ಎಡಬಲಕ್ಕೆ ಇಬ್ಬರು ತಮ್ಮಂದಿರು. ಅವಳು ಮಲಗಿದ್ದಷ್ಟು ದಿನ ಒಮ್ಮೆಯೂ ಇತ್ತ ಸುಳಿಯದಿದ್ದವರು ತೋರಿಸಿದಲ್ಲೆಲ್ಲ ಸಹಿ ಹಾಕಿದರು. ಡ್ರೈವರ್ ಕಡೆ ನೋಡದೆಯೇ, "ಇನ್ನು ಮುಂದಿನದ್ದೆಲ್ಲ ನಾವು ನೋಡ್ಕೋತೀವಿ," ಎಂದರು.

*

ಅಕ್ಕ ಎಡಚಿ. ಊರಿನ ದೊಡ್ಡ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಹರಿದ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಅವಳದು. ಎಡಗೈಯಲ್ಲಿ ಸೂಜಿ ಹಿಡಿದು ಹಾಳೆಗಳನ್ನು ಹೊಲಿಯುತ್ತಿದ್ದರೆ ದಾರ ತಾನಾಗಿ ಓಡುವಂತೆ ಕಾಣುತ್ತಿತ್ತು.

ಹೆಡ್‌ಮಾಸ್ಟರಿಗೆ ಆ ಎಡಗೈ ಕಂಡರಾಗದು. ಊಟದ ಮೇಜಿನ ಮೇಲೆ ಅವರ ಪಕ್ಕದಲ್ಲಿ ಸದಾ ಒಂದು ಮರದ ಸ್ಕೇಲು. ಅವಳು ಎಡಗೈಯಲ್ಲಿ ಚಮಚ ಎತ್ತಿದರೆ ಗೆಣ್ಣಿನ ಮೇಲೆ ಟಪ್ಪನೆ ಏಟು. "ಊರ ಮಕ್ಕಳನ್ನ ತಿದ್ದೋನು ಹೆಂಡತೀನ ತಿದ್ದದಿದ್ರೆ ಹೇಗೆ?" ಎಂದು ಬಂದವರೆದುರು ನಗುತ್ತಿದ್ದರು. ಬಂದವರೂ ನಗುತ್ತಿದ್ದರು. ಮದುವೆಯಾದ ಹನ್ನೊಂದನೆಯ ವರ್ಷ ಒಂದು ಏಟಿಗೆ ನಡುಬೆರಳಿನ ಮೂಳೆ ಮುರಿಯಿತು. ಬ್ಯಾಂಡೇಜು ಕಟ್ಟಿಸಿಕೊಂಡವಳು ಸೀದಾ ತಂಗಿಯ ಮನೆಗೆ ಬಂದಳು.

ಡೈವೋರ್ಸ್ ಕೇಳಿದಾಗ ಹೆಡ್‌ಮಾಸ್ಟರ್, "ನಮ್ಮ ಮನೆತನದಲ್ಲಿ ಆ ಮಾತಿಲ್ಲ. ಬೇಕಿದ್ರೆ ಬೇರೆ ಇರಲಿ," ಎಂದರು.

"ಇದಾದ್ರೆ ಬೇಗ ಮುಗಿಯುತ್ತಮ್ಮ," ಎಂದರು ವಕೀಲರು. "ಒಟ್ಟಿಗಿರಬೇಕು ಅಂತ ಯಾರೂ ನಿಮ್ಮನ್ನ ಬಲವಂತ ಮಾಡೋ ಹಾಗಿಲ್ಲ. ಮದುವೆ ಮಾತ್ರ ಹಾಗೇ ಇರುತ್ತೆ."

"ಕೈಗೆ ಹೊಡೆಯೋಕಾಗಲ್ಲ ತಾನೆ? ಕೊಡಿ ಇಲ್ಲಿ." ಬೆರಳು ಇನ್ನೂ ನೋಯುತ್ತಿದ್ದರೂ, ಗಂಡನ ಕಣ್ಣೆದುರೇ, ಎಡಗೈಯಲ್ಲೇ ಸಹಿ ಹಾಕಿದಳು.

ಒಂಬತ್ತು ವರ್ಷದ ಮೇಲೆ ಸಿಟಿ ಬಸ್ಸಿನ ಡ್ರೈವರ್ ಒಬ್ಬ ಬೆನ್ನು ಕಿತ್ತುಹೋದ ಭೂಪಟದ ಪುಸ್ತಕ ಹಿಡಿದು ಲೈಬ್ರರಿಗೆ ಬಂದ. "ಇಪ್ಪತ್ತು ವರ್ಷ ಒಂದೇ ರೂಟು ಓಡಿಸಿದೀನಿ ಮೇಡಂ. ಬೇರೆ ದಾರಿ ಇದರಲ್ಲಾದ್ರೂ ನೋಡ್ತಿರ್ತೀನಿ." ಮುಂದಿನ ವಾರ ಮತ್ತೊಂದು ಪುಸ್ತಕ ತಂದ.

"ಇದು ಹರಿದೇ ಇಲ್ವಲ್ಲ?"

"ಹರೀಬಹುದು ಅಂತ ಮುಂಚೇನೇ ತಂದೆ."

ಅಕ್ಕ ಅಷ್ಟು ಜೋರಾಗಿ ನಕ್ಕಿದ್ದನ್ನು ಲೈಬ್ರರಿಯವರು ಅದೇ ಮೊದಲು ಕೇಳಿದ್ದು.

ಅವನನ್ನು ಮದುವೆಯಾಗಬೇಕೆಂದು ಡೈವೋರ್ಸಿಗಾಗಿ ಮತ್ತೆ ಕೋರ್ಟಿಗೆ ಹೋದಳು. ಹೆಡ್‌ಮಾಸ್ಟರ್ ಆಕ್ಷೇಪಣೆ ಹಾಕಿದರು. ಪ್ರತಿ ವಾಯಿದೆಗೂ ಅವರಿಗೊಂದು ಜ್ವರ. ಎರಡು ವರ್ಷ ಅಲೆದ ಮೇಲೆ, "ಇರೋ ಆಯಸ್ಸನ್ನ ಆ ವರಾಂಡದಲ್ಲಿ ಸವೆಸಲ್ಲ ಕಣೇ," ಎಂದು ತಂಗಿಗೆ ಹೇಳಿ, ಡ್ರೈವರ್ ಜೊತೆ ಎರಡು ಕೋಣೆಯ ಮನೆ ಮಾಡಿದಳು. ನೆರೆಯವರು ಆಡಿಕೊಂಡಿದ್ದೆಲ್ಲ ಅವಳ ಕಿವಿಗೂ ಬಿತ್ತು. ಹೆಡ್‌ಮಾಸ್ಟರನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ.

*

ಸ್ಮಶಾನದ ಹಜಾರದಲ್ಲಿ ಮುಂದಿನ ಸಾಲು ಹೆಡ್‌ಮಾಸ್ಟರ್ ಕಡೆಯವರದು. ಡ್ರೈವರ್ ಬಾಗಿಲ ಬಳಿ, ಚಪ್ಪಲಿಗಳ ಪಕ್ಕ ನಿಂತಿದ್ದ.

"ನಮ್ಮದು ಮೂವತ್ತೇಳು ವರ್ಷದ ದಾಂಪತ್ಯ," ಎಂದು ಹೆಡ್‌ಮಾಸ್ಟರ್ ಗಂಟಲು ಸರಿಮಾಡಿಕೊಂಡರು. "ಸ್ವಲ್ಪ ಹಟಮಾರಿ. ಆದರೂ ಕೊನೇವರೆಗೂ ನನ್ನ ಹೆಂಡತಿಯಾಗೇ ಇದ್ದಳು. ಒಳ್ಳೆಯ ಗೃಹಿಣಿ..."

"ಗೃಹಿಣಿನಾ?" ಲೈಬ್ರರಿಯ ಹಳೆಯ ಸಹೋದ್ಯೋಗಿ ಕೂತಲ್ಲಿಂದಲೇ ಗಟ್ಟಿಯಾಗಿ ಅಂದಳು. "ನಮ್ಮ ಅರ್ಧ ಲೈಬ್ರರಿ ನಿಂತಿರೋದೇ ಅವಳ ಹೊಲಿಗೆ ಮೇಲೆ!"

ಹಿಂದಿನ ಸಾಲುಗಳಲ್ಲಿ ಗುಜುಗುಜು ಎದ್ದಿತು. ಹೆಡ್‌ಮಾಸ್ಟರ್ ಕೈ ಎತ್ತಿದರು, ತರಗತಿಯಲ್ಲಿ ಎತ್ತುವಂತೆ. ಯಾರೂ ಸುಮ್ಮನಾಗಲಿಲ್ಲ.

ಶವಪೆಟ್ಟಿಗೆ ಎತ್ತುವ ಹೊತ್ತಾಯಿತು. "ಮನೆಯವರು ಮಾತ್ರ ಬನ್ನಿ," ಎಂದ ದೊಡ್ಡ ತಮ್ಮ.

ತಂಗಿ ಎದ್ದು ನಿಂತಳು. "ಭಾವಾ, ಬನ್ನಿ ಮುಂದೆ."

"ಇಲ್ಲೇ ಇದ್ದೀನಲ್ಲಮ್ಮ," ಎಂದರು ಹೆಡ್‌ಮಾಸ್ಟರ್.

"ನಿಮ್ಮನ್ನಲ್ಲ."

ಅವಳ ನೋಟ ಬಾಗಿಲ ಕಡೆಗಿತ್ತು. ಎಲ್ಲರೂ ಅತ್ತ ತಿರುಗಿದರು. ಡ್ರೈವರ್ ತನ್ನ ಹಿಂದೆ ಇನ್ನಾರೋ ಇದ್ದಾರೇನೋ ಎಂಬಂತೆ ಹೊರಳಿ ನೋಡಿದ.

"ಆ ಮನುಷ್ಯನಿಗೆ ಏನ್ರೀ ಹಕ್ಕಿದೆ?" ತಮ್ಮ ಅಡ್ಡ ಬಂದ.

"ಅವಳ ನಡುಬೆರಳು ಯಾಕೆ ಸೊಟ್ಟಗಿದೆ ಅಂತ ನಿಮ್ಮಣ್ಣನ್ನ ಕೇಳಿ. ಎಲ್ಲರೆದುರೂ ಹೇಳಲಿ. ಆಮೇಲೆ ಹಕ್ಕಿನ ಮಾತಾಡೋಣ."

ತಮ್ಮ ಅಣ್ಣನತ್ತ ನೋಡಿದ. ಅಣ್ಣ ತೋಳಿನ ಗುಂಡಿ ಹಾಕಿಕೊಳ್ಳುತ್ತಿದ್ದರು. ತಮ್ಮ ಪಕ್ಕಕ್ಕೆ ಸರಿದ. ಡ್ರೈವರ್ ಮೆಲ್ಲಗೆ ಬಂದು ಪೆಟ್ಟಿಗೆಯ ಮುಂದಿನ ಮೂಲೆಗೆ ಹೆಗಲು ಕೊಟ್ಟ. ಉಳಿದ ಮೂಲೆಗಳಿಗೆ ಬಸ್ ಡಿಪೋದವರೂ ಲೈಬ್ರರಿಯವರೂ ಕರೆಯದೆಯೇ ಎದ್ದು ಬಂದರು.

ಮಣ್ಣು ಮುಚ್ಚಿ ಮುಗಿಯುವಷ್ಟರಲ್ಲಿ ತಮ್ಮಂದಿರು ಮುಖ ತಪ್ಪಿಸಿಕೊಂಡು ಕಾರಿನಲ್ಲಿ ಹೊರಟುಹೋಗಿದ್ದರು. ಜನರನ್ನು ವಾಪಸು ಕರೆದೊಯ್ಯಲು ಡಿಪೋದವರು ತಂದಿದ್ದ ಬಸ್ಸು ಗೇಟು ದಾಟಿದಾಗ ಹೆಡ್‌ಮಾಸ್ಟರ್ ಒಬ್ಬರೇ ರಸ್ತೆಯ ಅಂಚಿನಲ್ಲಿ ಕೈ ತೋರಿಸುತ್ತಿದ್ದರು. ಸ್ಟಿಯರಿಂಗ್ ಹಿಡಿದಿದ್ದವನು ವೇಗ ಹೆಚ್ಚಿಸಿದ.

"ನಿಲ್ಸಪ್ಪ," ಎಂದ ಡ್ರೈವರ್, ಮುಂದಿನ ಸೀಟಿನಿಂದ. "ಬಿಸಿಲಿದೆ."

ಹೆಡ್‌ಮಾಸ್ಟರ್ ಹತ್ತಿದರು. ಬಸ್ಸಿನ ತುಂಬ ಜನ; ಖಾಲಿ ಉಳಿದದ್ದು ತಂಗಿಯ ಪಕ್ಕದ ಒಂದೇ ಸೀಟು. ತಂಗಿ ಮಡಿಲಲ್ಲಿದ್ದ ಚೀಲವನ್ನು ಎತ್ತಿ ಅದರ ಮೇಲಿಟ್ಟು ಕಿಟಕಿಯಾಚೆ ನೋಡತೊಡಗಿದಳು. ಬಸ್ಸು ಹೊರಟಿತು. ಅವರು ಮೇಲಿನ ಕಂಬಿಗೆ ಜೋತುಬಿದ್ದು, ಪ್ರತಿ ತಿರುವಿಗೂ ವಾಲುತ್ತಾ, ಊರು ಬರುವವರೆಗೂ ನಿಂತೇ ಇದ್ದರು.