ಬಿಳಿ ಹೋಳಿನ ಮೇಲಿನ ಚುಕ್ಕಿ

ಗುಬ್ಬಿ ಹೊರವಲಯದ ಕಾಯಿಪುಡಿ ಫ್ಯಾಕ್ಟರಿಯಲ್ಲಿ ಕಲ್ಲಮ್ಮನದು ಆರಿಸುವ ಕೆಲಸ. ಕಂದು ಸಿಪ್ಪೆ ಹೆರೆದ ತೆಂಗಿನ ಹೋಳುಗಳು ತೊಳೆಸಿಕೊಂಡು ಬೆಲ್ಟಿನ ಮೇಲೆ ಬರುತ್ತವೆ. ಎಲ್ಲಾದರೂ ಸಿಪ್ಪೆಯ ಚೂರೋ ಕಪ್ಪು ಚುಕ್ಕಿಯೋ ಕಂಡರೆ ಆ ಹೋಳನ್ನು ಎತ್ತಿ ಪಕ್ಕದ ಬುಟ್ಟಿಗೆ ಹಾಕಬೇಕು. ಮೇಲೆ ಬಿಳಿ ಟ್ಯೂಬ್‌ಲೈಟು, ಕೆಳಗೆ ಬಿಳಿ ಹೋಳು, ಎದುರಿಗೆ ಬಿಳಿ ಗೋಡೆ. ಬಿಸ್ಕತ್ತಿಗೆ ಹೋಗುವ ಪುಡಿ ಹಾಲಿನಂತಿರಬೇಕಂತೆ. ಅದು ಹಾಲಿನಂತಾಗಲು ಎಷ್ಟು ಹೆಂಗಸರ ಕಣ್ಣು ಬೇಯಬೇಕು ಅನ್ನುವುದನ್ನು ಬಿಸ್ಕತ್ತಿನ ಪೊಟ್ಟಣದ ಮೇಲೆ ಯಾರೂ ಅಚ್ಚು ಹಾಕುವುದಿಲ್ಲ.

ಆ ಸೋಮವಾರ ಕಲ್ಲಮ್ಮನ ಬುಟ್ಟಿ ಎಲ್ಲರಿಗಿಂತ ಮೊದಲೇ ತುಂಬಿತು. ಸೂಪರ್‌ವೈಸರ್ ಉದಯಕುಮಾರ್ ಬಂದವನೇ ಬುಟ್ಟಿಗೆ ಕೈ ಹಾಕಿ ಒಂದು ಹೋಳನ್ನು ಬೆಳಕಿಗೆ ಹಿಡಿದ.

“ಏನಮ್ಮ ಇದು? ಎಲ್ಲೈತೆ ಚುಕ್ಕಿ? ತೋರ್ಸು.”

ಕಲ್ಲಮ್ಮ ಬೆರಳಿಡಲು ಹೋದಳು. ಬೆರಳು ತಾಗುವಷ್ಟರಲ್ಲಿ ಚುಕ್ಕಿ ಜಾರಿತು. ಹೋಳಿನಿಂದ ಅವನ ಅಂಗಿಯ ಮೇಲೆ, ಅಂಗಿಯಿಂದ ಗೋಡೆಯ ಮೇಲೆ ತೇಲಿಕೊಂಡು ಹೋಯಿತು.

“ಇತ್ತು ಸಾರ್.”

“ಇತ್ತಂತೆ! ನೊಣವಾ ಹಾರಿ ಹೋಗಕ್ಕೆ? ಒಳ್ಳೆ ಮಾಲೆಲ್ಲ ರಿಜೆಕ್ಟಿಗೆ ಸುರೀತಿದೀಯಲ್ಲ, ನಿಮ್ಮತ್ತೆ ಮನೆ ತೋಟದ್ದಾ?”

ಸಾಲಿನ ಹೆಂಗಸರು ನಕ್ಕರು. ಪಕ್ಕದಲ್ಲಿ ನಿಂತಿದ್ದ ಜಮಾಲುನ್ನೀಸಾ ನಗಲಿಲ್ಲ.

“ಯಾಕ್ ಕಲ್ಲಕ್ಕ, ಅರೆತಲೆನೋವಾ?”

“ಬರೋ ಹಂಗೈತೆ ಕಣೇ. ಕಣ್ಣಂಚಲ್ಲಿ ಮಿಂಚು ಹೊಡೀತೈತೆ.”

ಮಿಂಚು ಹೊಸದಲ್ಲ. ಕುಣಿಗಲ್ಲಿನ ತವರಿನಲ್ಲಿ ಲಂಗ ಉಡುವ ವಯಸ್ಸಿನಿಂದಲೇ ಕಲ್ಲಮ್ಮನಿಗೆ ಅರೆತಲೆನೋವು. ಮೊದಲು ಗರಗಸದ ಹಲ್ಲಿನಂಥ ಬೆಳಕು ಕಣ್ಣ ಮುಂದೆ ಕುಣಿಯುತ್ತಿತ್ತು, ಆಮೇಲೆ ಅರ್ಧ ತಲೆಗೆ ಯಾರೋ ಗೂಟ ಬಡಿಯುತ್ತಿದ್ದರು. ಅವ್ವ ಹಣೆಗೆ ಒದ್ದೆ ಬಟ್ಟೆ ಕಟ್ಟಿ, ರಾಗಿಮೂಟೆ ಇಡುವ ಕತ್ತಲೆ ಕೋಣೆಯಲ್ಲಿ ಮಲಗಿಸುತ್ತಿದ್ದಳು. “ಸುಮ್ಕೆ ಬಿದ್ಕೊ ಮಗ. ಹೊತ್ತು ಏರ್ದಂಗೆ ಏರ್ತದೆ, ಹೊತ್ತು ಇಳಿದಂಗೆ ಇಳೀತದೆ.” ಹಾಗೇ ಆಗುತ್ತಿತ್ತು. ಅವ್ವನ ಮಾತು ಒಂದು ದಿನವೂ ಸುಳ್ಳಾಗಿರಲಿಲ್ಲ. ಸುಮ್ಮನಿದ್ದರೆ ಹೋಗುತ್ತದೆ ಎಂಬುದು ಕಲ್ಲಮ್ಮನಿಗೆ ತಲೆನೋವೇ ಹೇಳಿಕೊಟ್ಟ ಪಾಠ. ಕಡಬಕ್ಕೆ ಮದುವೆಯಾಗಿ ಬಂದ ಮೇಲೂ, ಫ್ಯಾಕ್ಟರಿ ಸೇರಿದ ಮೇಲೂ ಅದೇ ಪಾಠ ನಡೆಯಿತು. ಸುಮ್ಮನಿರುವ ಹೆಂಗಸು ಯಾವ ಫ್ಯಾಕ್ಟರಿಗೆ ಬೇಡ!

ತಲೆನೋವಿಗೆ ಅಲ್ಲಿ ರಜೆಯಿಲ್ಲ. ಜ್ವರವಿದ್ದರೆ, ರಕ್ತ ಕಂಡರೆ ಗೇಟ್‌ಪಾಸ್. ತಲೆನೋವು ಅಂದರೆ ಉದಯಕುಮಾರ್ ಡ್ರಾಯರ್ ಎಳೆದು ಒಂದು ಮಾತ್ರೆ ಕೊಡುತ್ತಾನೆ, ಮುಗಿಯಿತು.

ಮಂಗಳವಾರ ಚುಕ್ಕಿಗಳು ಮಸಿ ಉದುರಿದಂತೆ ಹೆಚ್ಚಾದವು. ಬುಧವಾರ ಬಲಗಣ್ಣಿನ ಕೆಳಗಡೆ, ಮೂಗಿನ ಪಕ್ಕದಿಂದ ಕಪ್ಪು ಏರಿತು, ಕಡಬದ ಕೆರೆಯಲ್ಲಿ ನೀರು ಏರಿ ಮೆಟ್ಟಿಲು ನುಂಗುವ ಹಾಗೆ. ಕಲ್ಲಮ್ಮ ಹೋಗಿ ಕೇಳಿದಳು.

“ಸಾರ್, ಕಣ್ಣು ಮಂಜಾಗೈತೆ. ಅರ್ಧ ದಿನ ಬುಟ್ಬುಡಿ.”

“ನಿಂದು ತಲೆನೋವು ತಾನೆ? ಯಾವಾಗ್ಲೂ ಬರೋದೇ ಅಲ್ವಾ?”

“ಬರೋದೇ ಸಾರ್.”

ಡ್ರಾಯರ್ ಎಳೆದ ಸದ್ದು. ಅವಳು ಮಾತ್ರೆ ನುಂಗಿ, ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಕಣ್ಣಿಗೆ ಒದ್ದೆ ಸೆರಗು ಒತ್ತಿಕೊಂಡು ಕೂತಳು. ಹೊತ್ತು ಇಳಿಯಿತು. ಕಪ್ಪು ಇಳಿಯಲಿಲ್ಲ.

ಗುರುವಾರ ಊಟದ ಹೊತ್ತಿಗೆ ಅವಳು ಲೋಟಕ್ಕೆಂದು ಬಗ್ಗಿಸಿದ ನೀರು ಲೋಟದ ಹೊರಗೆ ಬಿದ್ದು ಜಮಾಲುನ್ನೀಸಾಳ ಮಡಿಲು ಒದ್ದೆಯಾಯಿತು.

“ಅಯ್ಯೋ ಅಕ್ಕ, ನಂಗೆ ಸ್ನಾನ ಆಗೈತೆ!” ಎಂದವಳು, ಕಲ್ಲಮ್ಮನ ಮುಖ ನೋಡಿ ನಗು ನಿಲ್ಲಿಸಿದಳು. ಎದುರಿಗೆ ಸರಿದು ಕೂತು, ಅಂಗೈಯಿಂದ ಅವಳ ಎಡಗಣ್ಣು ಮುಚ್ಚಿದಳು. “ಈಗ ಹೇಳು, ನಾನು ಕಾಣ್ತೀನಾ?”

“ತಲೆ ಕಾಣ್ತೈತೆ. ಕುತ್ತಿಗೆಯಿಂದ ಕೆಳಗೆ ನೀನಿಲ್ಲ.”

“ಬುಡು, ಹೊಟ್ಟೆ ಕಾಣ್ದಿದ್ರೆ ಒಳ್ಳೇದೇ.” ಜಮಾಲುನ್ನೀಸಾ ಕೈ ಬದಲಿಸಿ ಬಲಗಣ್ಣು ಮುಚ್ಚಿದಳು. “ಈಗ?”

“ಈಗ ಪೂರ್ತಿ ಇದೀಯ.”

“ನೋವು?”

“ನೋವೇ ಇಲ್ಲ ಕಣೇ. ಅದಕ್ಕೇ ಸುಮ್ನಿದ್ದೆ. ಈ ಸಲ ನೋವಿಲ್ದೆ ಬಂದೈತೆ, ಸಲೀಸಾಗಿ ಹೋಗ್ತೈತೆ ಅಂತ.”

“ಯಾವತ್ತಿಂದ?”

“ನಿನ್ನೆಯಿಂದ.”

“ನಿನ್ನೆಯಿಂದ ಇಳ್ದಿಲ್ಲ ಅಂದ್ರೆ ಅದು ತಲೆನೋವಲ್ಲ ಅಕ್ಕ. ಏಳು.”

ಊಟ ಮುಗಿದು ಬೆಲ್ಟು ಮತ್ತೆ ಓಡತೊಡಗಿತ್ತು. ಉದಯಕುಮಾರ್ ಪಾಸ್ ಕೊಡಲಿಲ್ಲ. ಲೋಡ್ ಹೋಗಬೇಕು, ಶನಿವಾರ ನೋಡೋಣ ಅಂದ. ಜಮಾಲುನ್ನೀಸಾ ಸೀದಾ ಹೋಗಿ ಬೆಲ್ಟು ನಿಲ್ಲಿಸುವ ಕೆಂಪು ಗುಂಡಿ ಒತ್ತಿದಳು. ಹೋಳುಗಳೆಲ್ಲ ಇದ್ದಲ್ಲೇ ನಿಂತವು. ಅಷ್ಟು ಹೊತ್ತು ಕಿವಿ ತುಂಬಿದ್ದ ಸದ್ದು ಒಮ್ಮೆಗೇ ಕಡಿದುಹೋಯಿತು.

“ಏಯ್! ಯಾರದು? ಅದು ಕೈ ಸಿಕ್ಕಿದ್ರೆ ಒತ್ತೋ ಗುಂಡಿ!”

“ಕಣ್ಣು ಸಿಕ್ಕೈತೆ ಸಾರ್,” ಅಂದಳು ಜಮಾಲುನ್ನೀಸಾ. ಅವಳ ಬೆರಳು ಗುಂಡಿಯ ಮೇಲೇ ಇತ್ತು. “ಪಾಸ್ ಬರೀರಿ, ಓಡ್ಸಣ.”

ಸೋಮವಾರ ನಕ್ಕಿದ್ದ ಹೆಂಗಸರು ಒಬ್ಬೊಬ್ಬರಾಗಿ ಗ್ಲೌಸು ಕಳಚಿ ಕೈಕಟ್ಟಿ ನಿಂತರು. ಯಾರೂ ಕೂಗಲಿಲ್ಲ. ಕೂಗುವಷ್ಟು ಕಸುವು ಆ ಹೊತ್ತಿನಲ್ಲಿ ಯಾರಿಗೂ ಉಳಿದಿರಲಿಲ್ಲ. ಉದಯಕುಮಾರ್ ಎರಡು ಪಾಸ್ ಬರೆದ.

ತುಮಕೂರಿನ ಕಣ್ಣಾಸ್ಪತ್ರೆಯಲ್ಲಿ ಡಾಕ್ಟರ್ ಅನುಪಮಾ ಹನಿ ಹಾಕಿ, ಪಾಪೆ ಅಗಲವಾದ ಮೇಲೆ ಬಹಳ ಹೊತ್ತು ಒಳಗೆ ಬೆಳಕು ಬಿಟ್ಟು ನೋಡಿದರು. ಕಲ್ಲಮ್ಮ ತಾನಾಗೇ ಹೇಳಿದಳು, “ಅರೆತಲೆನೋವು ಮೇಡಂ, ಚಿಕ್ಕಂದಿನಿಂದ.”

“ನೀವು ಅಂದ್ಕೊಂಡಿದ್ದು ಪೂರ್ತಿ ತಪ್ಪೇನಲ್ಲಮ್ಮ. ಮೈಗ್ರೇನಲ್ಲಿ ಮಿಂಚು ಕಾಣುತ್ತೆ. ಅಪರೂಪಕ್ಕೆ ಕೆಲವರಿಗೆ ಒಂದೇ ಕಣ್ಣು ಕತ್ತಲಾಗುತ್ತೆ. ಕಣ್ಣಿನ ಹಿಂದಿನ ಪರದೆಗೆ ಹೋಗೋ ರಕ್ತನಾಳ ಸ್ವಲ್ಪ ಹೊತ್ತು ಬಿಗಿಯುತ್ತೆ, ಆಮೇಲೆ ಬಿಡುತ್ತೆ. ಹಾಗಾದ್ರೂ ತೋರಿಸ್ಬೇಕು. ಆದ್ರೆ ಇದು ಅದಲ್ಲ. ನಿಮ್ಮ ಪರದೆ ಹರಿದಿದೆ. ಹರಿದ ಕಡೆಯಿಂದ ನೀರು ನುಗ್ಗಿ, ಗೋಡೆಯಿಂದ ಸುಣ್ಣದ ಚಕ್ಕೆ ಏಳೋ ಹಾಗೆ ಎದ್ದು ಬರ್ತಿದೆ. ಆ ಕಪ್ಪು ಚುಕ್ಕಿಗಳು ಶುರುವಾದ ದಿನವೇ ಬಂದಿದ್ರೆ ಲೇಸರ್‌ನಲ್ಲೇ ಮುಗೀತಿತ್ತೇನೋ.”

ಸೋಮವಾರ. ಒಳ್ಳೆ ಹೋಳನ್ನು ಬುಟ್ಟಿಗೆ ಎಸೆದು ಬೈಸಿಕೊಂಡ ದಿನ.

“ಕಣ್ಣು ಹೋಯ್ತಾ ಮೇಡಂ?” ಕೇಳಿದವಳು ಜಮಾಲುನ್ನೀಸಾ.

“ನಡುಭಾಗ ಇನ್ನೂ ಅಂಟ್ಕೊಂಡಿದೆ. ನಾಳೆ ಬೆಳಿಗ್ಗೆನೇ ಆಪರೇಷನ್ ಮಾಡಿದ್ರೆ ಅದನ್ನ ಉಳಿಸ್ಕೋಬಹುದು. ಓಡಾಟಕ್ಕೆ ತೊಂದರೆ ಆಗ್ಲಿಕ್ಕಿಲ್ಲ. ಸೂಕ್ಷ್ಮ ಕೆಲಸ ಹೇಳಕ್ಕಾಗಲ್ಲ.”

ಆಪರೇಷನ್ ಆಯಿತು. ನಡುಭಾಗ ಉಳಿಯಿತು ಅಂದರು ಡಾಕ್ಟರು. ಆದರೆ ಪರದೆಯನ್ನು ಒತ್ತಿ ಹಿಡಿಯಲು ಕಣ್ಣೊಳಗೆ ಗಾಳಿ ತುಂಬಿದ್ದರು. ಒತ್ತಡ ಸರಿಯಾದ ಜಾಗಕ್ಕೆ ಬೀಳಬೇಕೆಂದರೆ ಹಗಲೂ ರಾತ್ರಿ ಮುಖ ನೆಲಕ್ಕೆ ಮಾಡಿಕೊಂಡಿರಬೇಕು, ತಲೆ ಎತ್ತಕೂಡದು. ಕಲ್ಲಮ್ಮನಿಗೆ ಅದು ಕಷ್ಟವೆನ್ನಿಸಲಿಲ್ಲ. ಇಷ್ಟು ವರ್ಷ ಬೆಲ್ಟಿನ ಮೇಲೆ ಮಾಡಿದ್ದು ಅದನ್ನೇ.

ಭಾನುವಾರ ಉದಯಕುಮಾರ್ ವಾರ್ಡಿಗೆ ಬಂದ. ಅವನು ಬಂದದ್ದು ಅವಳಿಗೆ ಗೊತ್ತಾದದ್ದು ಮಂಚದ ಪಕ್ಕದ ಅವನ ಶೂಗಳಿಂದ.

“ಕಣ್ಣು ಅಂತ ಮೊದ್ಲೇ ಹೇಳೋದಲ್ವಾ ಕಲ್ಲಮ್ಮ. ನೀನು ತಲೆನೋವು ಅಂದೆ, ನಾನು ತಲೆನೋವು ಅಂದ್ಕೊಂಡೆ.”

ಆ ವಾರ ಅವನು ಆಡಿದ ಮಾತುಗಳೆಲ್ಲ ಅವಳಿಗೆ ನೆನಪಿದ್ದವು. ಅವನ್ನು ಒಂದೊಂದಾಗಿ ಎತ್ತಿ ಆಡುವ ಶಕ್ತಿ ಇರಲಿಲ್ಲ. ಆದರೆ ಶೂಗಳ ಜೊತೆ ಮಾತಾಡಲು ಅವಳಿಗೆ ಇಷ್ಟವಿರಲಿಲ್ಲ.

“ನಾನು ತಲೆ ಎತ್ತಂಗಿಲ್ಲ,” ಅಂದಳು. “ಮಾತಾಡ್ಬೇಕು ಅಂದ್ರೆ ನೀನೇ ಕೆಳಕ್ಕೆ ಕೂತ್ಕೊಳಪ್ಪ.”

ಶೂಗಳು ಆ ಕಡೆ ಈ ಕಡೆ ಆಡಿದವು. ಪಕ್ಕದ ಮಂಚದ ಅಜ್ಜಿ ಕೆಮ್ಮಿದಳು. ಕೊನೆಗೆ ಅವನು ಪ್ಯಾಂಟು ಮೇಲಕ್ಕೆಳೆದುಕೊಂಡು ಆಸ್ಪತ್ರೆಯ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಕತ್ತು ಓರೆ ಮಾಡಿ ಅವಳ ಮುಖದ ಕೆಳಗೆ ಬಂದ. ಎಡಗಣ್ಣಿಗೆ ಅವನು ಪೂರ್ತಿ ಕಂಡ. ಇನ್ನೂ ಚಿಕ್ಕ ವಯಸ್ಸು, ಕಣ್ಣ ಕೆಳಗೆ ಕಪ್ಪು.

“ಬುಧವಾರ ನಾನು ಕಣ್ಣು ಅಂತಲೇ ಹೇಳಿದ್ದು,” ಅಂದಳು ಕಲ್ಲಮ್ಮ. “ಈಗ ಇನ್ನೊಂದ್ಸಲ ಹೇಳ್ತೀನಿ. ಕೇಳುಸ್ಕೊ.”