ಅಜ್ಜೀಪುರದಕ್ಕ

ಗುಂಡಿ ಎಲ್ಲಿ ತೋಡಬೇಕೆಂದು ಪುಟ್ಟಬಸಮ್ಮ ಕಾಲಿನ ಹೆಬ್ಬೆರಳಿನಿಂದ ಹೊಲದಲ್ಲಿ ಗೆರೆ ಎಳೆಯುತ್ತಿದ್ದಳು. ಗುದ್ದಲಿ ಹಿಡಿದು ನಿಂತಿದ್ದ ಇಬ್ಬರು ಆಳುಗಳಿಗೆ ಅವಳ ಗೆರೆಯೂ ತಿಳಿಯಲಿಲ್ಲ, ಮಾತೂ ತಿಳಿಯಲಿಲ್ಲ. ಬೆಳಗಿನಿಂದ ಅವಳು ಪ್ರತಿಯೊಂದು ಮಾತನ್ನೂ ಅರ್ಧಕ್ಕೆ ಬಿಡುತ್ತಿದ್ದಳು. ಹುಟ್ಟಿದಾಗಿನಿಂದ ಒಂದು ಮಾತನ್ನೂ ಅರ್ಧಕ್ಕೆ ಬಿಟ್ಟ ಹೆಂಗಸಲ್ಲ.

"ಇಲ್ಲೇ ಅಗೀರ್ಲಾ. ಉಣಸೆ ಮರದ ನೆಳ್ಳು ಬೀಳ್ತದೆ. ಅವ್ಳಿಗೆ ಬಿಸ್ಲು..." ಎಂದಳು. ಬಿಸಿಲು ಆಗುವುದಿಲ್ಲ ಎನ್ನಬೇಕಿತ್ತು. ಅನ್ನಲಿಲ್ಲ.

ತಂಗಿ ಚನ್ನಾಜಮ್ಮ ಸತ್ತ ಸುದ್ದಿಯನ್ನು ಬೆಳಗಿನ ಬಸ್ಸಿನ ಕಂಡಕ್ಟರು ತಂದಿದ್ದ. ಚನ್ನಾಜಿ ನಾಟಕ ಕಂಪನಿಯ ಹಾಸ್ಯನಟಿ. ಕಂಪನಿ ಕೊಳ್ಳೇಗಾಲದಲ್ಲಿ ಬೀಡು ಬಿಟ್ಟಿತ್ತು. ನಿನ್ನೆ ಸಂಜೆ ಬಣ್ಣ ಹಚ್ಚಿಕೊಳ್ಳಲು ಕೂತವಳು ಒಂದು ಕೆನ್ನೆಗೆ ಹಚ್ಚಿ, ಇನ್ನೊಂದು ಕೆನ್ನೆಗೆ ಹಚ್ಚುವಷ್ಟರಲ್ಲಿ ಒರಗಿಬಿಟ್ಟಳಂತೆ. ಕಾಯಿಲೆ ಇಲ್ಲ, ಕಸಾಲೆ ಇಲ್ಲ. ಇನ್ನೂ ನಲವತ್ತೂ ಆಗಿರಲಿಲ್ಲ. ಹೀಗೂ ಉಂಟೇ ಎಂದು ಪುಟ್ಟಬಸಮ್ಮ ಕಂಡಕ್ಟರನನ್ನೇ ಬಯ್ಯಲು ಹೋಗಿ, ಅದನ್ನೂ ಅರ್ಧಕ್ಕೆ ಬಿಟ್ಟಿದ್ದಳು.

ಅಣ್ಣ ಗುರುಮಲ್ಲಪ್ಪ ಬಂದು ಹೊಲದ ಬದುವಿನ ಮೇಲೆ ನಿಂತ. ಒಳಕ್ಕೆ ಕಾಲಿಡಲಿಲ್ಲ.

"ಲೇ ಬಸಮ್ಮಿ, ನಿಂಗೇನ್ ತಲೆ ಕೆಟ್ಟದಾ? ಅವ್ಳು ಕಂಪ್ನಿ ಸೇರ್ದ ದಿನ್ವೇ ನಾನು ತಲೆ ಮೇಲೆ ನೀರ್ ಉಯ್ಕಂಡು ಸೂತ್ಕ ಕಳ್ಕಂಡಿವ್ನಿ. ಒಬ್ಳು ಎಲ್ಡು ಸಲ ಸಾಯಾದುಂಟಾ?"

"ನೀನ್ ನೀರ್ ಉಯ್ಕಂಡೆ ಅಣ್ಣ, ಮಣ್ಣಾಕಿರ್ಲಿಲ್ಲ. ನಿನ್ ಒಲ ಕೇಳ್ದವ್ರ್ಯಾರು? ಇದು ಅಪ್ಪ ನನ್ ಎಸ್ರಿಗೆ ಬುಟ್ಟೋದ ತುಂಡು. ನನ್ ತುಂಡಲ್ಲಿ ನನ್ ತಂಗಿ ಇರ್ತಾಳೆ."

"ನಾನಂತೂ ಈ ಬದ ದಾಟಿ ಬರಾಕಿಲ್ಲ."

"ಬರ್ಬೇಡ" ಎಂದಳು ಪುಟ್ಟಬಸಮ್ಮ.

ಗಂಡ ತೀರಿಕೊಂಡ ಮೇಲೆ ತೌರಿಗೆ ಬಂದು ಅಣ್ಣನ ಮನೆಯಲ್ಲೇ ಇದ್ದವಳು ಅವಳು. ಊರಿಗೆಲ್ಲ ಬಾಯಿ ಮಾಡಿದರೂ ಅಣ್ಣನಿಗೆ ಎಂದೂ ಎದುರಾಡಿದವಳಲ್ಲ. ತಂಗಿಯನ್ನು ನೋಡಲು ಹೋಗಕೂಡದು ಎಂದಿದ್ದ, ಹೋಗಿರಲಿಲ್ಲ. ಕಂಪನಿ ಹನೂರಿಗೆ ಬಂದಾಗಲೂ ಹೋಗಲಿಲ್ಲ, ಕೌದಳ್ಳಿಗೆ ಬಂದು ತಿಂಗಳುಗಟ್ಟಲೆ ಆಡಿದಾಗಲೂ ಹೋಗಲಿಲ್ಲ. ನಾಳೆ ಹೋದರಾಯಿತು ಎಂಬ ಆಸೆ ಮಾತ್ರ ಒಳಗೇ ಇತ್ತು. ಇಂದು ಆ ನಾಳೆಯೇ ಇಲ್ಲವಾಗಿತ್ತು.

ಬಿಸಿಲು ಏರುವ ಹೊತ್ತಿಗೆ ಕಂಪನಿಯ ಲಾರಿ ಬಂತು. ಅದರ ಹಿಂದೆ ಎರಡು ಬಸ್ಸು, ಎತ್ತಿನ ಗಾಡಿಗಳು, ಸಾಲುಸಾಲು ಸೈಕಲ್ಲು. ಕೊಳ್ಳೇಗಾಲದ ರೇಷ್ಮೆ ಮಗ್ಗದವರು, ಯಳಂದೂರಿನ ಅಂಗಡಿಯವರು, ಕೌದಳ್ಳಿಯ ಗಾಡಿಯಾಳುಗಳು. ಮಂತ್ರಿ ಬಂದಾಗಲೂ ಅಜ್ಜೀಪುರದಲ್ಲಿ ಇಷ್ಟು ಜನ ಸೇರಿರಲಿಲ್ಲ. ಓಡಿಹೋದ ತಂಗಿಗೆ ಇವರೆಲ್ಲ ಏನಾಗಬೇಕು ಎಂದು ಅರ್ಥವಾಗದೆ ಪುಟ್ಟಬಸಮ್ಮ ಲಾರಿಯ ಹತ್ತಿರ ಹೋದಳು.

ಈ ಕಡೆ ಶಿವಭಕ್ತರ ಮನೆಯವರನ್ನು ಕೂರಿಸಿ ಹೂಳುತ್ತಾರೆ. ಹಾಗಾಗಿ ಹೆಣವನ್ನು ಕೂರಿಸಿಯೇ ತಂದಿದ್ದರು. ಆದರೆ ಕಂಪನಿಯವರಿಗೆ ಬೆನ್ನು ಒರಗಿಸುವ ಕುರ್ಚಿ ಸಿಕ್ಕಿರಲಿಲ್ಲವೋ ಏನೋ, ನಾಟಕದ ರಾಜನ ಸಿಂಹಾಸನದಲ್ಲೇ ಕೂರಿಸಿದ್ದರು. ಬಂಗಾರದ ಕಾಗದ ಅಂಟಿಸಿದ್ದ ಎರಡು ಸಿಂಹಗಳ ನಡುವೆ, ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಚನ್ನಾಜಿ ಕತ್ತು ಓರೆ ಮಾಡಿ ಕೂತಿದ್ದಳು.

ಅದನ್ನು ನೋಡಿದ್ದೇ ಪುಟ್ಟಬಸಮ್ಮನಿಗೆ ಬೆಳಗಿನಿಂದ ಅರ್ಧಕ್ಕೇ ನಿಲ್ಲುತ್ತಿದ್ದ ಮಾತು ಪೂರ್ತಿಯಾಗಿ ಬಂತು. ಸೊಂಟಕ್ಕೆ ಕೈ ಇಟ್ಟಳು.

"ಯಾವನ್ಲಾ ಅವ, ನನ್ ತಂಗೀನ ಇದ್ರ ಮೇಲೆ ಕೂರ್ಸ್ದವ್ನು? ದಸರಾ ತಂದ್ರಾ ಊರ್ಗೆ? ಆನೆ ಎಲ್ಲಿ ಬುಟ್ರಿ, ಕೊಳ್ಳೇಗಾಲ್ದಲ್ಲೇ ಕಟ್ಟಾಕಿ ಬಂದ್ರಾ?"

ಜನ ಗರಬಡಿದವರಂತೆ ನಿಂತರು. ಹೆಣದ ಕೈ ಹಿಡಿದು ಲಾರಿಯ ಮೇಲೆ ಕೂತಿದ್ದವನು ಬಾಯಿ ತೆರೆದುಕೊಂಡು ಅವಳನ್ನೇ ನೋಡಿದ. ಮುಂದೆ ನಿಂತಿದ್ದ ಹೆಂಗಸೊಬ್ಬಳು, "ಅಯ್ಯೋ ಶಿವ್ನೇ, ಇವ್ಳು ಇಲ್ಲೇ ಅವ್ಳಲ್ಲಾ!" ಎಂದು ಕಿರುಚಿ ಹಿಂದಕ್ಕೆ ಸರಿದಳು. ಯಾರೋ ಪುಸಕ್ಕನೆ ನಕ್ಕರು. ಆಮೇಲೆ ಇನ್ನೊಬ್ಬರು. ಆಮೇಲೆ ಆ ಜನವೆಲ್ಲ, ಕಣ್ಣಲ್ಲಿ ನೀರು ಇಟ್ಟುಕೊಂಡೇ, ತಡೆಯಲಾರದೆ ನಕ್ಕುಬಿಟ್ಟಿತು.

"ಎಣದ ಮುಂದೆ ನಗ್ತಿದ್ದೀರಲ್ಲಾ, ಅನ್ನ ತಿನ್ತೀರಾ ಏನ್ ತಿನ್ತೀರಾ?"

ನಗು ಇನ್ನೂ ಜೋರಾಯಿತು. ಪುಟ್ಟಬಸಮ್ಮ ಸುತ್ತ ನೋಡಿದಳು. ತನ್ನ ಊರಿನವರೂ ನಗುತ್ತಿದ್ದರು. ಪಕ್ಕದ ಮನೆಯ ಶಂಕರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು.

"ಶಂಕ್ರಮ್ಮ, ನೀನೂವಾ?"

"ನಾನೇನ್ ಮಾಡ್ಲಿ ಕಣಕ್ಕ" ಎಂದು ಶಂಕರಮ್ಮ ಅಳುತ್ತ ನಗುತ್ತ ಹೇಳಿದಳು. "ಚನ್ನಾಜಿ ನಾಟ್ಕದಲ್ಲಿ ಮಾಡ್ತಿದ್ದುದು ನಿನ್ನೇ ಕಣಕ್ಕ. ಅಜ್ಜೀಪುರದಕ್ಕ ಅಂತವ. ಇಂಗೇ ಸೊಂಟಕ್ಕೆ ಕೈ ಮಡಗದು, ಇಂಗೇ ಬಯ್ಯದು. ಕೌದಳ್ಳೀಲಿ ನೋಡ್ಕಬಂದು ನಾನು ನಿನ್ ಮಕ ನೋಡಕಾಗ್ದೆ ವಾರ ನಿಮ್ಮಟ್ಟಿ ಕಡೆ ಬಂದಿರ್ಲಿಲ್ಲ. ಊರ್ಗೆಲ್ಲ ಗೊತ್ತು. ನಿಂಗ್ಯಾರು ಏಳಾರು?"

ಪುಟ್ಟಬಸಮ್ಮ ತಿರುಗಿ ಗುಂಡಿಯ ಹತ್ತಿರ ಹೋಗಿ ಆಳುಗಳಿಗೆ, "ನಿಲ್ಸ್ರಲಾ, ಅಗೀಬ್ಯಾಡಿ" ಎಂದಳು. ಹುಣಸೆ ಮರದ ಬುಡದಲ್ಲಿ ಕುಸಿದು ಕೂತಳು.

ಬದುವಿನ ಮೇಲಿಂದ ಗುರುಮಲ್ಲಪ್ಪ, "ಗೊತ್ತಾಯ್ತಾ ಈಗ?" ಎಂದ.

* * *

ಹದಿನೇಳು ವರ್ಷದ ಹಿಂದಿನ ಮಾತು. ಕೊಳ್ಳೇಗಾಲ ಮೈಸೂರಿಗೆ ಸೇರಿದ ವರ್ಷ ಅದು. ಸುಗ್ಗಿ ಮುಗಿದಿತ್ತು. ಅಕ್ಕತಂಗಿಯರಿಬ್ಬರೂ ಊರಿನವರ ಗಾಡಿ ಹತ್ತಿ ಕೊಳ್ಳೇಗಾಲಕ್ಕೆ ನಾಟಕ ನೋಡಲು ಹೋಗಿ ಬಂದಿದ್ದರು. ಮಾರನೆಯ ದಿನ ಚನ್ನಾಜಿ ಹಟ್ಟಿಯಲ್ಲಿ ರಾಗಿ ಕೇರುವುದನ್ನು ಬಿಟ್ಟು ಮೊರವನ್ನೇ ಕಿರೀಟದಂತೆ ತಲೆಗಿಟ್ಟುಕೊಂಡು ರಾಜನಾದಳು. ಆಮೇಲೆ ಪೂಜೆಗೆ ಬರುವ ಅಯ್ಯನವರಾದಳು. ತೆಂಗಿನಕಾಯಿ ಹೋಳು ಸಣ್ಣದಾಯಿತೆಂದು ಅವರು ಗಂಟಲು ಸರಿಮಾಡಿಕೊಳ್ಳುವ ರೀತಿಯನ್ನು ಹಾಗೇ ಮಾಡಿ ತೋರಿಸಿದಳು. ಆಮೇಲೆ ಅಣ್ಣನಾದಳು. ಪುಟ್ಟಬಸಮ್ಮ ಹೊಟ್ಟೆ ಹಿಡಿದುಕೊಂಡು ನೆಲಕ್ಕೆ ಬಿದ್ದು ನಕ್ಕಿದ್ದಳು.

"ನನ್ನಂಗೆ ಮಾಡಮ್ಮಿ, ನೋಡವ."

"ನಿನ್ನಂಗೆ ಮಾಡಕೆ ನಂಗ್ ಬರಾಕಿಲ್ಲ ಕಣಕ್ಕ."

"ಯಾಕಮ್ಮಿ?"

"ನೀನು ಎದುರ್ಗೇ ಇದ್ದೀಯಲ್ಲ. ಎದುರ್ಗಿಲ್ದೋರ್ನ ಮಾತ್ರ ನಾನು ಮಾಡದು."

ಅದೇ ತಿಂಗಳು ಅಣ್ಣ ಅವಳಿಗೆ ಗಂಡು ಗೊತ್ತು ಮಾಡಿದ. ಮೊದಲ ಹೆಂಡತಿ ಸತ್ತವನು, ತಲೆಯೆಲ್ಲ ನರೆತವನು. ಚನ್ನಾಜಿ ಅಳಲಿಲ್ಲ, ಕೂಗಾಡಲಿಲ್ಲ. ಸಂತೆಗೆ ಹೋಗಿ ಬರುತ್ತೇನೆಂದು ಹೋದವಳು ಕಂಪನಿ ಸೇರಿದಳು. ಪುಟ್ಟಬಸಮ್ಮ ಬೀದಿ ಬಾಗಿಲಿನಲ್ಲಿ ನಿಂತು, ಕತ್ತಲಾದರೂ ಬಾರದ ತಂಗಿಯನ್ನು ಊರು ಕೇಳುವಂತೆ ಬಯ್ಯುತ್ತಿದ್ದಳು. ಅವಳಿಗೆ ಹೆದರಿಕೆಯಾದಾಗ ಬರುತ್ತಿದ್ದುದು ಬೈಗುಳವೇ. ಪ್ರೀತಿ ಬಂದಾಗಲೂ ಅದೇ.

* * *

ಲಾರಿಯ ಮೇಲಿದ್ದವನು ಬಂದು ಎದುರಿಗೆ ಕೈಕಟ್ಟಿ ನಿಂತ. ಹೆಗಲ ಮೇಲಿನ ಟವೆಲ್ಲು ಒದ್ದೆಯಾಗಿತ್ತು.

"ನಾನು ಮಾರಯ್ಯ ಅಂತ ಕಣವ್ವ. ಅವ್ರ ಜೊತೆ ಪಾರ್ಟು ಮಾಡ್ತಿದ್ದೋನು."

"ಯಾವ್ ಪಾರ್ಟ್ಲಾ? ನನ್ ಗಂಡನ್ದಾ?"

ಮಾರಯ್ಯನಿಗೆ ಅಷ್ಟು ದುಃಖದಲ್ಲೂ ನಗು ಬಂತು. ತುಟಿ ಕಚ್ಚಿಕೊಂಡ. "ಅಲ್ಲ ಕಣವ್ವ. ಒಂದಿನ ಬಸ್ ಕಂಡಕ್ಟ್ರು, ಒಂದಿನ ಅಮಲ್ದಾರ, ಒಂದಿನ ಬಡ್ಡಿ ಸಾವ್ಕಾರ. ದಿನಾ ಅಜ್ಜೀಪುರದಕ್ಕನ ಕೈಲಿ ಬೈಸ್ಕಳದೇ ನನ್ ಪಾರ್ಟು."

"ಊರ್ನೋರ್ ಮುಂದೆಲ್ಲ ನನ್ ಮಾನ ಕಳದ್ಲು."

"ಯಾರಂದರು? ಒಂದ್ ದಿನಾನೂವೆ ಅಜ್ಜೀಪುರದಕ್ಕ ಸೋತಿಲ್ಲ. ಅಮಲ್ದಾರನ್ಗೆ ಒಂದ್ಸಲ ಗೆಲ್ಲ ಮಾತು ಬರ್ಕಂಡು ಓಗಿದ್ದೆ. ಕಿತ್ ಬಿಸಾಕುದ್ರು. ನಮ್ಮಕ್ಕನ ಮುಂದೆ ಮಾತಾಡಿ ಗೆದ್ದೋರು ಯಾರ್ಲಾ ಅವ್ರೆ ಅಂದ್ರು. ಮಗ್ಗದೋರು ಬರ್ತಿದ್ದುದೇ ಅದ್ಕೆ ಕಣವ್ವ. ತಾವ್ ಬಯ್ಯಕಾಗ್ದೋರ್ನ ಅವ್ರು ಬಯ್ಯೋರು."

ಪುಟ್ಟಬಸಮ್ಮ ನೆಲ ನೋಡುತ್ತಿದ್ದಳು.

"ರಾಣಿ ಪಾರ್ಟು ಕೊಡ್ತೀವಿ ಅಂದ್ರೂ ಬ್ಯಾಡ ಅಂದ್ರು" ಎಂದ ಮಾರಯ್ಯ. "ಅಜ್ಜೀಪುರದಕ್ಕನ ಸೀರೆ ಉಟ್ಮೇಲೆ ನಾವ್ಯಾರೂ ಅವ್ರ್ನ ಚನ್ನಾಜಮ್ಮ ಅನ್ನಂಗಿರ್ಲಿಲ್ಲ. ಅಕ್ಕ ಬಂದವ್ಳೆ, ದಾರಿ ಬುಡ್ರಿ ಅನ್ಬೇಕಿತ್ತು. ಬಣ್ಣ ತೊಳ್ಕಂಡ್ಮೇಲೆ ಮಾತೇ ಇಲ್ಲ. ಸುಮ್ನೆ ಉಂಡು ಮನಿಕಳೋರು. ನೆನ್ನೆ ಪಾರ್ಟಿಗೆ ಅಂತ ಕೂತಾಗ..." ಅವನೂ ಮಾತನ್ನು ಅರ್ಧಕ್ಕೆ ಬಿಟ್ಟ. ಟವೆಲ್ಲಿನಿಂದ ಮುಖ ಒರೆಸಿಕೊಂಡು ಹೇಳಿದ: "ಇಲ್ಲಿ ಆಗಾಕಿಲ್ಲ ಅಂದ್ರೆ ವಾಪಸ್ಸು ಕೊಳ್ಳೇಗಾಲಕ್ಕೇ ತಕ್ಕಂಡೋಯ್ತೀವಿ ಕಣವ್ವ. ಎಲ್ಲಾರ ಒಂದಷ್ಟು ಜಾಗ ಕೇಳ್ಕತೀವಿ."

ಹದಿನೇಳು ವರ್ಷ ತನ್ನನ್ನು ಯಾರೂ ನೆನೆಯುತ್ತಿಲ್ಲ ಎಂದುಕೊಂಡಿದ್ದಳು ಪುಟ್ಟಬಸಮ್ಮ. ಎದ್ದು ಹೋಗಿ ಆಳಿನ ಕೈಯಿಂದ ಗುದ್ದಲಿ ಕಿತ್ತುಕೊಂಡಳು.

"ಯಾಕ್ಲಾ ಕೈ ಕಟ್ಕಂಡು ನಿಂತಿದ್ದೀರಿ? ನನ್ ತಂಗಿ ಬಿಸ್ಲಲ್ಲಿ ಕೂತವ್ಳೆ, ಕಾಣಾಕಿಲ್ವಾ?"

* * *

ಅಯ್ಯನವರು ಶಿವನಂಜಯ್ಯ ಗುಂಡಿಯ ತಲೆಯಲ್ಲಿ ನಿಂತು ಮಂತ್ರ ಹೇಳಿದರು. ಮಾರಯ್ಯನೂ ಇನ್ನಿಬ್ಬರೂ ಇಳಿದು ಚನ್ನಾಜಿಯನ್ನು ಗುಂಡಿಯೊಳಗಿನ ಗೂಡಿನಲ್ಲಿ ಕೂರಿಸಿದರು. ಅಂಗೈಯಲ್ಲಿ ಲಿಂಗ ಇಟ್ಟರು. ಮಡಿಲಿಗೆ ಪತ್ರೆ ಹಾಕಿದರು. ಎಷ್ಟು ಸರಿಪಡಿಸಿದರೂ ಕತ್ತು ಓರೆಯಾಗಿಯೇ ಇತ್ತು.

ಸತ್ತವರನ್ನು ಬಯ್ದುಕೊಂಡು ಅಳುವುದು ಈ ಕಡೆಯ ಹೆಂಗಸರ ರೂಢಿ. ಹೇಳದೆ ಹೋದೆಯಾ, ಬಿಟ್ಟು ಹೋದೆಯಾ ಎಂದು ರಾಗವಾಗಿ ಬಯ್ಯುತ್ತಾರೆ. ಒಡಹುಟ್ಟಿದವಳು ಮೊದಲು ಶುರುಮಾಡಬೇಕು. ಅಯ್ಯನವರು ಪುಟ್ಟಬಸಮ್ಮನ ಕಡೆ ನೋಡಿದರು. ಜನವೆಲ್ಲ ನೋಡಿತು. ಅವಳು ಬಾಯಿ ತೆರೆದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಕೆಲವರು ಆಗಲೇ ತಲೆ ತಗ್ಗಿಸಿ ಹಲ್ಲು ಕಚ್ಚಿ ನಿಂತಿದ್ದರು. ಅವಳಿಗೂ ಗೊತ್ತಿತ್ತು.

ಸುಮ್ಮನೆ ಮಣ್ಣು ಹಾಕಿ ಹೋಗಿಬಿಡಬಹುದಿತ್ತು. ಪುಟ್ಟಬಸಮ್ಮ ಹಿಡಿ ಮಣ್ಣು ತೆಗೆದುಕೊಂಡು ಗುಂಡಿಯ ಅಂಚಿಗೆ ಬಂದಳು. ತಂಗಿಯ ಮುಖ ನೋಡಿದಳು. ಯಾರೂ ಸರಿಯಾಗಿ ಒರೆಸಿರಲಿಲ್ಲ. ಕೆನ್ನೆಯ ಮೇಲೆ ಇನ್ನೂ ಬಣ್ಣವಿತ್ತು.

"ಲೇ ಚನ್ನಾಜಿ" ಎಂದಳು. ದನಿ ಒಡೆಯಿತು. ಮತ್ತೆ ಎತ್ತಿದಳು. "ಸಂತೆಗೋಗಿ ಬತ್ತೀನಿ ಅಂದು ಓದೋಳು ಈಗ ಬಂದ್ಯಾ? ಬದನೆಕಾಯಿ ತತ್ತೀನಿ ಅಂದಿದ್ಯಲ್ಲ, ಎಲ್ಲಮ್ಮಿ? ಒಲೆ ಮೇಲೆ ಎಸ್ರು ಮಡಗಿ ಕಾಯ್ತಾ ಕೂತಿವ್ನಿ ಕಣಮ್ಮಿ, ಹದಿನೇಳ್ ವರ್ಸದಿಂದ!"

ಹಿಂದಿನಿಂದ ಒಬ್ಬ ನಕ್ಕ. ನಕ್ಕು ಬಾಯಿ ಮುಚ್ಚಿಕೊಂಡ. ಪುಟ್ಟಬಸಮ್ಮ ತಿರುಗಿ ನೋಡಿದಳು. ಬೈಗುಳ ಬೀಳುತ್ತದೆಂದು ಅವನು ತಲೆ ಬಗ್ಗಿಸಿದ.

"ನಗ್ಲಾ" ಎಂದಳು ಅವಳು. "ಅವ್ಳಿಗ್ ಕೇಳ್ಲಿ, ನಗು."

ಆಮೇಲೆ ಸೊಂಟಕ್ಕೆ ಕೈ ಇಟ್ಟು, ದೂರದ ಬದುವಿನ ಮೇಲೆ ಬೆಳಗಿನಿಂದ ನಿಂತೇ ಇದ್ದ ಗುರುಮಲ್ಲಪ್ಪನ ಕಡೆ ಕತ್ತೆತ್ತಿದಳು.

"ಅಣ್ಣಾ! ಬದದ್ ಮೇಲೆ ನಿಂತ್ಕಂಡು ಪುಕ್ಸಟ್ಟೆ ನೋಡ್ತಿದ್ದೀಯಲ್ಲ, ಟಿಕೀಟ್ ತಕ್ಕಂಡಿದ್ದೀಯಾ?"

ಹೊಲಕ್ಕೆ ಹೊಲವೇ ನಕ್ಕಿತು. ಗುಂಡಿಯೊಳಗೆ ನಿಂತಿದ್ದ ಮಾರಯ್ಯ ನಗುತ್ತ ನಗುತ್ತ ಮಣ್ಣಿಗೆ ಹಣೆ ಹಚ್ಚಿ ಬಿಕ್ಕಿದ. ಅಯ್ಯನವರು ವಿಭೂತಿ ಗಟ್ಟಿಯನ್ನು ಕೈಯಲ್ಲಿ ಹಿಡಿದು ಮುಖ ತಿರುಗಿಸಿಕೊಂಡರು. ಗುರುಮಲ್ಲಪ್ಪ ಬದುವಿನ ಮೇಲೆ ಕೆಕ್ಕರಿಸಿಕೊಂಡು ನಿಂತ. ಆಮೇಲೆ ಮೆಟ್ಟು ಬಿಟ್ಟು ಹೊಲಕ್ಕೆ ಇಳಿದ.

ಪುಟ್ಟಬಸಮ್ಮ ಹಿಡಿಯ ಮಣ್ಣನ್ನು ಬಿಡಲಿಲ್ಲ. ನಗು ಪೂರ್ತಿ ಇಳಿಯುವವರೆಗೆ ಕಾದಳು. ಕಡೆಯವನೊಬ್ಬನು ಕೆಮ್ಮಿ ಸುಮ್ಮನಾದ ಮೇಲೆ, ತಂಗಿಯ ಕಡೆ ತಿರುಗಿ, ಮುಂದಿನ ಮಾತು ಎತ್ತಿಕೊಂಡಳು.